ಪೋಡಿಗೆ ಹೋಗುವ ಮುನ್ನ ಎಲ್ಲೆ ತಿಳಿಯಬೇಕು

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರ ಹತ್ತಿರ ಕಾಡಿನ ವಿಷಯ ಎತ್ತಿದರೆ ಮಾತು ಬೇಗನೆ ತರಗು ಬೆಂಕಿಗೆ ಬರುತ್ತದೆ. ಚಳಿ ಕಳೆದು ಬಿಸಿಲು ಇನ್ನೂ ಬಲಿಯದಿರುವಾಗ, ನೆಲದ ಮೇಲಿನ ಒಣ ತರಗು ಮಾತ್ರ ಸುಟ್ಟು ಆರುವಂತೆ ಹಾಕುತ್ತಿದ್ದ ಬೆಂಕಿ ಅದು. ಅದರಿಂದ ಹೊಸ ಹುಲ್ಲು ಚಿಗುರುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು, ಕಡುಬೇಸಿಗೆಯ ದೊಡ್ಡ ಬೆಂಕಿಗೆ ನೆಲದಲ್ಲಿ ಉರುವಲು ಉಳಿಯುತ್ತಿರಲಿಲ್ಲ ಎನ್ನುವುದು ಅವರ ವಿವರಣೆ. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು, ಬೆಂಕಿ ಹಾಕುವುದು ಅಪರಾಧವಾಯಿತು. ಕಾಡಿನೊಳಗೆ ಚದುರಿದಂತೆ ಬದುಕಿದ್ದ ಸೋಲಿಗರು ಒಂದೇ ಕಡೆ ನೆಲೆನಿಂತ, ಪೋಡು ಎಂಬ ಊರುಗಳಿಗೆ ಬಂದರು.

ಆಮೇಲೆ ಹಬ್ಬಿದ್ದು ಲಂಟಾನ ಎಂಬ ಕಳೆ. ಸಂಶೋಧಕರು ಈ ಕಾಡಿನಲ್ಲಿ ಗುರುತು ಮಾಡಿಕೊಂಡಿದ್ದ ತುಣುಕುಗಳ ಪೈಕಿ 1997ರಲ್ಲಿ ಶೇ. 41ರಷ್ಟರಲ್ಲಿ ಲಂಟಾನ ಕಂಡಿತ್ತು. 2008ರ ಹೊತ್ತಿಗೆ ಅದು ಶೇ. 81ಕ್ಕೆ ಏರಿತ್ತು. ಬೆಂಕಿ ನಿಂತದ್ದಕ್ಕೇ ಲಂಟಾನ ಏರಿತು ಎಂದು ಸೋಲಿಗ ಹಿರಿಯರು ಹೇಳುತ್ತಾ ಬಂದಿದ್ದರು. ಅವರ ಈ ವಿವರಣೆಯನ್ನು ಗಂಭೀರವಾಗಿ ತೆಗೆದುಕೊಂಡ ಅಧ್ಯಯನ ಪ್ರಕಟವಾದದ್ದು 2012ರಲ್ಲಿ. ಇಷ್ಟು ದೊಡ್ಡ ಬದಲಾವಣೆಗೆ ಒಂದೇ ಕಾರಣ ಇರಲಾರದು ನಿಜ. ಆದರೆ ಕಾಡನ್ನು ದಿನವೂ ನೋಡುವವರ ಮಾತು ಚರ್ಚೆಯ ಮೇಜಿಗೆ ಬರಲು ಮೂರು ದಶಕಕ್ಕೂ ಮೀರಿ ಹಿಡಿದದ್ದು ಏಕೆ ಎಂಬುದನ್ನು, ಬುಡಕಟ್ಟು ಸಮುದಾಯಗಳ ನಡುವೆ ಕೆಲಸಕ್ಕೆ ಹೊರಡುವ ಪ್ರತಿಯೊಬ್ಬರೂ ತಮ್ಮನ್ನು ತಾವು ಕೇಳಿಕೊಳ್ಳಬೇಕು. ಶಿಕ್ಷಕರು, ದಾದಿಯರು, ಅರಣ್ಯ ಸಿಬ್ಬಂದಿ, ಸಂಶೋಧನಾ ವಿದ್ಯಾರ್ಥಿಗಳು, ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತರು ಎಲ್ಲರಿಗೂ ಈ ಪ್ರಶ್ನೆ ಸೇರಿದ್ದು.

ನನಗೆ ಕಾಣುವ ಉತ್ತರ ಇದು. ಆ ಮಾತನ್ನು ನಾವು ‘ನಂಬಿಕೆ’ ಎಂಬ ಕಪಾಟಿಗೆ ಹಾಕಿ ಬೀಗ ಹಾಕಿಬಿಡುತ್ತೇವೆ. ಹಾಡು, ಹಬ್ಬ, ದೇವರು ಒಂದು ಕಡೆ. ನೆಲ, ನೀರು, ಆಡಳಿತ ಇನ್ನೊಂದು ಕಡೆ ಎಂದು ವಿಂಗಡಿಸಿಕೊಂಡೇ ಬೆಟ್ಟ ಹತ್ತುತ್ತೇವೆ. ಸೋಲಿಗರಲ್ಲಿ ಆ ವಿಂಗಡಣೆ ಇಲ್ಲ. ಯಾವ ಜಾಗ ಯಾರ ಹೊಣೆ, ಯಾವ ಕಾಲಕ್ಕೆ ಏನು ಕೀಳಬಹುದು, ಯಾರ ಮಾತಿಗೆ ಎಲ್ಲಿ ತೂಕ ಎಂಬ ವ್ಯವಹಾರವೆಲ್ಲ ಅವರ ದೇವರು, ಕುಲ, ಹಬ್ಬಗಳ ಒಳಗೇ ಇದೆ. ಅದನ್ನು ತಿಳಿಯುವುದೆಂದರೆ ಕೆಲಸ ಶುರುವಾಗುವ ಮುಂಚೆ ಮುಗಿಸಬೇಕಾದ ಸೌಜನ್ಯದ ಶಾಸ್ತ್ರವಲ್ಲ. ತಿಳಿದ ಮೇಲೂ ನಮ್ಮ ಯೋಜನೆಯಲ್ಲಿ ಒಂದು ಗೆರೆಯೂ ಬದಲಾಗದಿದ್ದರೆ ನಾವು ತಿಳಿದಿಲ್ಲ ಎಂದೇ ಅರ್ಥ.

ಎಲ್ಲೆ ಎಂಬ ವ್ಯವಸ್ಥೆ

ಕರ್ನಾಟಕದಲ್ಲಿ ಸೋಲಿಗರ ಸಂಖ್ಯೆ 30,000ಕ್ಕೂ ಹೆಚ್ಚು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟ ಅವರ ಮುಖ್ಯ ನೆಲೆಗಳು. ತಮಿಳುನಾಡಿನ ಸತ್ಯಮಂಗಲದ ಕಡೆಯೂ ಅವರಿದ್ದಾರೆ. ಸಮುದಾಯ ಕುಲಗಳಾಗಿ ಹಂಚಿಕೊಂಡಿದೆ, ಮದುವೆ ಕುಲದ ಹೊರಗೆ. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ಎಲ್ಲೆಗಳಿವೆ. ಒಂದು ಎಲ್ಲೆಯೊಳಗೆ ದೇವರು, ಮಾರಮ್ಮ, ವೀರರು, ಪೂರ್ವಜರ ಕಲ್ಲುಗುಡಿ, ಅಬ್ಬಿ ಎಂದು ಬೇರೆ ಬೇರೆ ನೆಲೆಗಳು. ಅಬ್ಬಿ ಎಂದರೆ ನೀರಿನ ತಾವು. ಹೊರಗಿನವರ ಕಣ್ಣಿಗೆ ಅಲ್ಲಿ ಕಾಣುವುದು ಒಂದು ಮರ, ನಾಲ್ಕು ಕಲ್ಲು, ಒಂದು ಒರತೆ. ಗುಡಿಯ ಕಟ್ಟಡ ಇಲ್ಲದ್ದರಿಂದ ಅದು ದೇವಸ್ಥಾನ ಎಂದು ಯಾವ ಇಲಾಖೆಯ ನಕ್ಷೆಯಲ್ಲೂ ದಾಖಲಾಗುವುದಿಲ್ಲ.

ಇದರ ಪರಿಣಾಮ ತೀರಾ ವ್ಯಾವಹಾರಿಕವಾದದ್ದು. ನೀವು ಚೆಕ್‌ಡ್ಯಾಂ ಕಟ್ಟಲು ಒಂದು ಹಳ್ಳ ನೋಡಿದ್ದೀರಿ, ಕುಡಿಯುವ ನೀರಿಗೆ ಒಂದು ಒರತೆ ಆರಿಸಿದ್ದೀರಿ, ಸಸಿ ನೆಡಲು ಒಂದು ಬಯಲು ಗುರುತಿಸಿದ್ದೀರಿ ಎನ್ನೋಣ. ಅದು ಯಾವ ಕುಲದ ಎಲ್ಲೆ, ಅಬ್ಬಿಯ ಜಾಗವೇ, ಕಲ್ಲುಗುಡಿಗೆ ಹೋಗುವ ದಾರಿಯೇ ಎಂದು ಮೊದಲು ಕೇಳಬೇಕು. ಪೋಡಿನ ಸಭೆಯಲ್ಲಿ ಹತ್ತು ಜನ ಸರಿ ಎಂದರೂ ಆ ಎಲ್ಲೆಗೆ ಸೇರಿದ ಕುಲದವರು ಪಕ್ಕದ ಪೋಡಿನಲ್ಲಿದ್ದರೆ ಆ ಒಪ್ಪಿಗೆ ಪೂರ್ತಿಯಾಗದು. ಇಂದಿನ ಪೋಡು ಇರುವ ಜಾಗಕ್ಕೂ ಕುಲದ ಎಲ್ಲೆ ಇರುವ ಜಾಗಕ್ಕೂ ತಾಳೆಯಾಗದಿರುವುದು ಸಾಮಾನ್ಯ, ಏಕೆಂದರೆ ನೆಲೆ ಬದಲಿಸಿದ್ದು ಅವರ ಇಚ್ಛೆಯಿಂದಲ್ಲ. ಪೋಡಿನ ವಿಳಾಸ ನೋಡಿ ಜನರ ಸಂಬಂಧ ಲೆಕ್ಕ ಹಾಕುವವರು ಎಡವುವುದು ಇಲ್ಲೇ.

2010ರ ಸುಮಾರಿಗೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗ ಹಿರಿಯರ ಜೊತೆ ಕಾಡಿನಲ್ಲಿ ನಡೆದು ಈ ನೆಲೆಗಳ ನಕ್ಷೆ ತಯಾರಿಸಿದರು. ನಾನೂರಕ್ಕೂ ಮಿಕ್ಕ ಪವಿತ್ರ ತಾಣಗಳು ಅದರಲ್ಲಿ ಗುರುತಾದವು. ಈ ಕೆಲಸದಲ್ಲಿದ್ದ ಸಿ. ಮಾದೇಗೌಡರು ಸೋಲಿಗ ಸಮುದಾಯದಿಂದಲೇ ಬಂದ ಸಂಶೋಧಕರು. ಇಂಥ ನಕ್ಷೆಯ ಬೆಲೆ ಸಂಶೋಧನಾ ಪ್ರಬಂಧದಲ್ಲಷ್ಟೇ ಮುಗಿಯುವುದಿಲ್ಲ. ತಮ್ಮ ಕಾಡು ಯಾವುದು, ಎಷ್ಟು ಹಳೆಯದು ಎಂದು ಕಾಗದದ ಮೇಲೆ ತೋರಿಸಬೇಕಾದಾಗ ಅದು ಜನರ ಕೈಗೆ ಆಧಾರವಾಗುತ್ತದೆ. ಅದೇ ನಕ್ಷೆ ಅಪರಿಚಿತರ ಮೊಬೈಲಿಗೆ ಹೋದರೆ ಪೂಜೆಯ ಜಾಗ ಪ್ರವಾಸಿ ತಾಣವಾಗಬಹುದು. ಹಾಗಾಗಿ ನಕ್ಷೆ ಬರೆಯುವ ಮುಂಚೆಯೇ ಅದು ಯಾರ ಬಳಿ ಇರಬೇಕು, ಯಾವ ಭಾಗ ಹೊರಗೆ ಕಾಣಬೇಕು, ಯಾವುದು ಕಾಣಬಾರದು ಎಂದು ಅವರಿಂದಲೇ ತೀರ್ಮಾನ ಪಡೆಯಬೇಕು.

ನೆಂಟರಾದ ದೇವರು

ಬೆಟ್ಟದ ಒಡೆಯ ಬಿಳಿಗಿರಿರಂಗನನ್ನು ಸೋಲಿಗರು ಭಾವ ಎಂದು ಕರೆಯುತ್ತಾರೆ. ಸೋಲಿಗರ ಮಗಳು ಕುಸುಮಾಲೆಯನ್ನು ಅವನು ಮೆಚ್ಚಿ ಮದುವೆಯಾದನೆಂಬುದು ಕಥೆ. ಭಾವನೆಂದ ಮೇಲೆ ಸಲಿಗೆಯೂ ಇರುತ್ತದೆ, ಮುನಿಸೂ ಇರುತ್ತದೆ, ಕೊಡುಕೊಳ್ಳುವ ಹೊಣೆಯೂ ಇರುತ್ತದೆ. ಭಾರ್ಗವಿ ನದಿಯ ದಡದಲ್ಲಿರುವ ದೊಡ್ಡಸಂಪಿಗೆ ಮರ ಅವರಿಗೆ ಸಾಕ್ಷಾತ್ ದೇವರು, ಚಿಕ್ಕಸಂಪಿಗೆ ಇನ್ನೊಂದು. ಕಾರಯ್ಯ, ಕ್ಯಾತೆ ದೇವರು, ಜಡೆಸ್ವಾಮಿ, ಮಾದೇಶ್ವರ ಎಲ್ಲರೂ ಈ ನಂಟಿನ ಜಾಲದೊಳಗೆ ಬರುತ್ತಾರೆ. ಹೊಸ ರಾಗಿ ಬಂದಾಗ ಮಾಡುವ ರೊಟ್ಟಿ ಹಬ್ಬದಲ್ಲಿ ಮನೆಮನೆಯಿಂದ ರಾಗಿ ಸೇರುತ್ತದೆ, ದೇವರಿಗೆ ಮೊದಲ ಪಾಲು ಸಲ್ಲುತ್ತದೆ, ರಾತ್ರಿಯೆಲ್ಲ ಗೊರುಕಾನ ಹಾಡುತ್ತಾ ಕುಣಿಯುತ್ತಾರೆ. ಆ ಹಾಡುಗಳಲ್ಲಿ ಪ್ರಾಣಿ, ಹಕ್ಕಿ, ಹೂವು, ಜೇನು ಸಾಲಾಗಿ ಬರುತ್ತವೆ. ಕಾಡಿನ ಪಾಠ ಮುಂದಿನ ತಲೆಮಾರಿಗೆ ದಾಟುವುದು ಹೀಗೆಯೇ.

ಕೆಲಸದ ದೃಷ್ಟಿಯಿಂದ ಇದರಲ್ಲಿ ಮುಖ್ಯವಾದದ್ದು, ಕಾಡು ಒಂದು ಸಂಪನ್ಮೂಲ ಎಂಬ ಭಾಷೆ ಇಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ ಎಂಬುದು. ಜೇನು, ನೆಲ್ಲಿ, ಕಲ್ಲುಪಾಚಿ, ಸೀಗೆ, ಅಂಟುವಾಳ ಇವೆಲ್ಲ ಸೋಲಿಗರ ವರಮಾನ ಹೌದು. ಹೆಜ್ಜೇನು ಇಳಿಸುವುದು ಅವರಿಗೆ ದುಡಿಮೆ ಹೌದು. ಅದರ ಜೊತೆಗೆ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕವೂ ಇದೆ. ಆ ಲೆಕ್ಕದಲ್ಲಿ ಪ್ರಾಣಿಗಳ ಪಾಲೂ ದೇವರ ಪಾಲೂ ಸೇರಿರುತ್ತದೆ. ನೀವು ಇಳುವರಿ ಹೆಚ್ಚಿಸುವ ತರಬೇತಿ ತಂದರೆ, ಹೆಚ್ಚಿದ ಇಳುವರಿಯಲ್ಲಿ ಆ ಪಾಲುಗಳು ಎಲ್ಲಿ ಹೋಗುತ್ತವೆ ಎಂದು ಯಾರಾದರೂ ಅಜ್ಜ ಕೇಳಬಹುದು. ಆ ಪ್ರಶ್ನೆಗೆ ತಯಾರಾಗಿ ಹೋಗಿ. ಅದು ಯೋಜನೆಯ ಕುರಿತೇ ಎದ್ದ ಪ್ರಶ್ನೆ.

ಬೆಟ್ಟದ ಮೇಲೆ ಒಂದು ಸಭೆ

ಸೋಲಿಗ ನುಡಿ ಕನ್ನಡಕ್ಕೆ ತೀರಾ ಹತ್ತಿರ. ಕನ್ನಡಿಗರಿಗೆ ಇದೊಂದು ಅನುಕೂಲ, ಜೊತೆಗೆ ಒಂದು ಅಪಾಯ. ಮಾತು ಕಿವಿಗೆ ಪರಿಚಿತವೆನಿಸಿ ಎಲ್ಲ ತಿಳಿಯಿತು ಎಂದುಕೊಂಡು ಎದ್ದು ಬರುತ್ತೇವೆ. ಅವರು ನಮ್ಮ ಎದುರು ನಮ್ಮ ಕನ್ನಡದಲ್ಲಿ ಮಾತಾಡುತ್ತಾರೆ, ತಮ್ಮೊಳಗೆ ಬೇರೆಯಾಗಿ ಚರ್ಚಿಸುತ್ತಾರೆ. ಆ ಒಳಚರ್ಚೆಗೆ ಸಮಯ ಕೊಡದ ಸಭೆಯಿಂದ ನಿಜವಾದ ನಿರ್ಧಾರ ಹುಟ್ಟುವುದಿಲ್ಲ. ವಿಷಯ ತಿಳಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಿ, ಎದ್ದು ಬನ್ನಿ. ಕೆಲವು ದಿನ ಬಿಟ್ಟು ಮತ್ತೆ ಹೋಗಿ. ಮೊದಲ ಸಭೆಯಲ್ಲೇ ಸಹಿ ಹಾಕಿಸಿಕೊಳ್ಳುವ ಹಾಜರಿ ಪುಸ್ತಕವನ್ನು ಒಪ್ಪಿಗೆ ಪತ್ರವೆಂದು ಯಾವತ್ತೂ ಬಳಸಬೇಡಿ.

ಸಂಬೋಧನೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಕಾಡಿನ ಜನರನ್ನು ವಯಸ್ಸು ನೋಡದೆ ಏಕವಚನದಲ್ಲಿ ಕರೆಯುವ ಚಾಳಿ ನಮ್ಮ ಕಚೇರಿಗಳಲ್ಲೂ ವಾಹನ ಚಾಲಕರಲ್ಲೂ ಬೇರೂರಿದೆ. ಅರವತ್ತು ದಾಟಿದ ಹಿರಿಯನನ್ನು ‘ಬಾರೋ’ ಎಂದು ಕರೆದ ತಂಡದವನು ಆಮೇಲೆ ಎಷ್ಟು ಒಳ್ಳೆಯ ಯೋಜನೆ ವಿವರಿಸಿದರೂ ಕೇಳುವವರ ಮನಸ್ಸು ಮುಚ್ಚಿರುತ್ತದೆ. ಯಜಮಾನ್ರೇ, ತಾತ, ಅವ್ವ, ಅಣ್ಣ, ಅಕ್ಕ ಎನ್ನಿ, ಬಹುವಚನ ಬಳಸಿ. ಇಡೀ ತಂಡಕ್ಕೆ, ಜೀಪು ಓಡಿಸುವವರಿಗೂ ಸೇರಿಸಿ, ಇದನ್ನು ಹೊರಡುವ ಮುಂಚೆಯೇ ಹೇಳಿರಬೇಕು.

ಯಾರನ್ನು ಮೊದಲು ಕಾಣಬೇಕು? ಸೋಲಿಗರ ಕುಲ ಪಂಚಾಯಿತಿಯಲ್ಲಿ ಯಜಮಾನ, ಪಟ್ಟಗಾರ, ಚಾಲುವಾದಿ, ಕೋಲ್ಕಾರ ಎಂಬ ಸ್ಥಾನಗಳಿವೆ. ದೇವರ ಕಾರ್ಯಕ್ಕೆ ತಮ್ಮಡಿ. ಇವರ ಜೊತೆಗೆ ಇಂದು ಸೋಲಿಗರ ಸಂಘಗಳಿವೆ, ಅರಣ್ಯ ಹಕ್ಕು ಸಮಿತಿಗಳಿವೆ, ಓದಿದ ಯುವಕ ಯುವತಿಯರಿದ್ದಾರೆ. ಒಬ್ಬ ಯಜಮಾನರ ಮಾತನ್ನೇ ಇಡೀ ಪೋಡಿನ ಮಾತೆಂದು ಬರೆದುಕೊಂಡರೆ ಹೆಂಗಸರ ಅನುಭವ ಪೂರ್ತಿ ತಪ್ಪಿಹೋಗುತ್ತದೆ. ಕಾಡಿನ ಸೊಪ್ಪು, ಗೆಣಸು, ನೀರು, ಸೌದೆಯ ಬಗ್ಗೆ ದಿನನಿತ್ಯದ ತಿಳಿವಳಿಕೆ ಇರುವುದು ಬಹುಪಾಲು ಅವರಲ್ಲೇ. ದೊಡ್ಡ ಸಭೆಯಲ್ಲಿ ಅವರು ಹಿಂದೆ ಕೂತು ಸುಮ್ಮನಿದ್ದರೆ ಬೇರೆ ಹೊತ್ತಿನಲ್ಲಿ, ಅವರಿಗೆ ಒಗ್ಗುವ ಕಡೆ, ಮಹಿಳಾ ಕಾರ್ಯಕರ್ತೆಯರ ಮೂಲಕ ಕೇಳಬೇಕು.

ಹೊತ್ತಿನ ಮಾತು ಬಂತು. ಜೇನಿನ ಕಾಲ, ನೆಲ್ಲಿಯ ಕಾಲ, ಕಾಫಿ ಕೊಯ್ಲಿನ ಕಾಲದಲ್ಲಿ ಜನ ಪೋಡಿನಲ್ಲಿ ಸಿಗುವುದು ಕಷ್ಟ. ಕತ್ತಲಾದ ಮೇಲೆ ಆನೆ ಓಡಾಡುವ ದಾರಿಯಲ್ಲಿ ಸಭೆಗೆ ಬನ್ನಿ ಎಂದು ಯಾರನ್ನೂ ಕರೆಯಬಾರದು. ಮಾರ್ಚ್ ಒಳಗೆ ಹಣ ಖರ್ಚಾಗಬೇಕೆಂಬ ನಮ್ಮ ಲೆಕ್ಕಪತ್ರದ ವರ್ಷಕ್ಕೂ ಅವರ ವರ್ಷಕ್ಕೂ ಹೊಂದಿಕೆಯಿಲ್ಲ. ಇದನ್ನು ಹಣ ಕೊಡುವವರಿಗೆ ಯೋಜನೆ ಬರೆಯುವಾಗಲೇ ತಿಳಿಸಿ, ಮೊದಲ ಕೆಲವು ತಿಂಗಳನ್ನು ಬರೀ ಓಡಾಟಕ್ಕೂ ಪರಿಚಯಕ್ಕೂ ಮೀಸಲಿಡಿ. ಇದಕ್ಕೆ ಒಪ್ಪದ ದಾನಿಯ ಹಣ ಬೇಡ ಎನ್ನುವುದೇ ನನ್ನ ಸಲಹೆ.

ಬೆಟ್ಟದಲ್ಲಿ ಉಳಿದುಕೊಂಡು ಮಾಡಿದ ಕೆಲಸ ಏನಾಗಬಲ್ಲದು ಎಂಬುದಕ್ಕೆ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಣ್ಣೆದುರಿನ ಉದಾಹರಣೆ. ವೈದ್ಯಕೀಯದಿಂದ ಆರಂಭವಾಗಿ ಶಾಲೆ, ಜೀವನೋಪಾಯ, ಹಕ್ಕುಗಳವರೆಗೆ ಅದು ಬೆಳೆಯಿತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು, ಆ ಶಾಲೆಯಲ್ಲಿ ಓದಿದ ಸೋಲಿಗ ಮಕ್ಕಳೇ ಮುಂದೆ ಕಾರ್ಯಕರ್ತರೂ ಸಂಶೋಧಕರೂ ಸಂಘದ ನಾಯಕರೂ ಆದದ್ದು.

ಕಾನೂನು ಏನು ಹೇಳುತ್ತದೆ

ಗೌರವ ಎಂಬುದು ನಮ್ಮ ಒಳ್ಳೆಯತನಕ್ಕೆ ಬಿಟ್ಟ ವಿಷಯವೆಂದು ಭಾವಿಸಬಾರದು. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಹಕ್ಕಿನ ಭಾಷೆಯಲ್ಲಿ ಬರೆದಿದೆ. ವಾಸ ಮತ್ತು ಸಾಗುವಳಿಯ ಹಕ್ಕು ಮಾತ್ರವಲ್ಲ, ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಮುದಾಯದ ಕಾಡನ್ನು ಕಾಪಾಡುವ ಮತ್ತು ನಿರ್ವಹಿಸುವ ಹಕ್ಕು, ಪಾರಂಪರಿಕ ಜ್ಞಾನದ ಮೇಲಿನ ಸಾಮುದಾಯಿಕ ಹಕ್ಕು ಇವೂ ಅದರಲ್ಲಿವೆ. ಪ್ರಕ್ರಿಯೆ ಆರಂಭವಾಗುವುದು ಗ್ರಾಮಸಭೆಯಿಂದ. ಅರಣ್ಯ ಹಕ್ಕಿನ ವಿಷಯದ ಸಭೆಗೆ ಅರ್ಧದಷ್ಟಾದರೂ ಸದಸ್ಯರು ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು ಎಂದು 2012ರ ತಿದ್ದುಪಡಿ ನಿಯಮಗಳು ಹೇಳುತ್ತವೆ. ಇಲ್ಲಿ ಗ್ರಾಮಸಭೆ ಎಂದರೆ ಪಂಚಾಯಿತಿ ಕೇಂದ್ರದಲ್ಲಿ ಎಲ್ಲ ಊರುಗಳಿಗೂ ಸೇರಿ ನಡೆಯುವ ಸಭೆಯಲ್ಲ. ಕಾಡಿನ ನೆಲೆಯೂ ತಾನೇ ಒಂದು ಗ್ರಾಮವಾಗಿ ಸಭೆ ಸೇರಬಹುದು. ಪಂಚಾಯಿತಿ ಮಟ್ಟದ ಸಭೆಯ ಠರಾವನ್ನು ಪೋಡಿನ ಒಪ್ಪಿಗೆಯೆಂದು ತೋರಿಸುವವರಿಗೆ ಈ ವ್ಯತ್ಯಾಸ ಖಂಡಿತ ತಿಳಿದಿರಬೇಕು.

ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗೆ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಅದಕ್ಕೂ ಮುಂಚೆ, ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನಂತರ, ಇಲ್ಲಿ ಮಾರಾಟಕ್ಕಾಗಿ ಕಿರು ಉತ್ಪನ್ನ ಸಂಗ್ರಹಿಸುವುದನ್ನು ನಿಷೇಧಿಸಿದ್ದರಿಂದ ಮನೆಗಳ ಆದಾಯ ಕುಸಿದಿತ್ತು. ಹಕ್ಕುಪತ್ರ ಅವರಿಗೆ ಬರೀ ಕಾಗದವಾಗಿರಲಿಲ್ಲ.

ಒಡಿಶಾದ ನಿಯಮಗಿರಿ ಇನ್ನೊಂದು ಮಾದರಿ. ಅಲ್ಲಿನ ಡೋಂಗ್ರಿಯಾ ಕೊಂಧ ಬುಡಕಟ್ಟಿನವರಿಗೆ ಆ ಬೆಟ್ಟ ನಿಯಮ ರಾಜನೆಂಬ ದೇವರ ನೆಲೆ. ಅಲ್ಲಿ ಬಾಕ್ಸೈಟ್ ಗಣಿಗಾರಿಕೆ ಆಗಬೇಕೆ ಎಂಬ ಪ್ರಶ್ನೆಯಲ್ಲಿ, ಅವರ ಧಾರ್ಮಿಕ ಮತ್ತು ಸಾಂಸ್ಕೃತಿಕ ಹಕ್ಕುಗಳನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಹೇಳಿತು. ಅದೇ ಮಳೆಗಾಲದಲ್ಲಿ ಸೇರಿದ 12 ಗ್ರಾಮಸಭೆಗಳೂ ಗಣಿ ಬೇಡವೆಂದವು. ಒಂದು ಸಮುದಾಯ ಬೆಟ್ಟವನ್ನು ಹೇಗೆ ಕಾಣುತ್ತದೆ ಎಂಬುದು ನ್ಯಾಯಾಲಯದಲ್ಲೂ ತೂಗುವ ಸಂಗತಿ ಎಂದು ಅಂದು ಸ್ಪಷ್ಟವಾಯಿತು. ಬೇಡ ಎನ್ನುವ ಉತ್ತರಕ್ಕೂ ಜಾಗವಿದ್ದಾಗ ಮಾತ್ರ ಒಪ್ಪಿಗೆ ಕೇಳಿದ್ದಕ್ಕೆ ಅರ್ಥವಿರುತ್ತದೆ.

ತಿಳಿವಳಿಕೆಯ ಬೆಲೆ

ಕೇರಳದ ಕಾಣಿ ಬುಡಕಟ್ಟಿನ ಕಥೆಯನ್ನು ಸಸ್ಯ, ಔಷಧ, ಆಹಾರದ ಬಗ್ಗೆ ಕೆಲಸ ಮಾಡುವವರೆಲ್ಲ ಓದಬೇಕು. 1987ರಲ್ಲಿ ಅಗಸ್ತ್ಯಮಲೆಯಲ್ಲಿ ಸಸ್ಯ ಸಮೀಕ್ಷೆಗೆ ಹೋದ ವಿಜ್ಞಾನಿಗಳು, ದಾರಿ ತೋರಿಸುತ್ತಿದ್ದ ಕಾಣಿ ಜನರು ಒಂದು ಗಿಡದ ಹಣ್ಣು ತಿಂದು ದಣಿವಿಲ್ಲದೆ ನಡೆಯುವುದನ್ನು ಗಮನಿಸಿದರು. ಅದು ಆರೋಗ್ಯಪಚ್ಚ. ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ಅದರಿಂದ ‘ಜೀವನಿ’ ಎಂಬ ಔಷಧ ತಯಾರಿಸಿ, 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ಪರವಾನಗಿ ಕೊಟ್ಟಿತು. ಶುಲ್ಕ 10 ಲಕ್ಷ ರೂಪಾಯಿ, ಮಾರಾಟದ ಮೇಲೆ ಶೇ. 2 ಗೌರವಧನ, ಎರಡರಲ್ಲೂ ಅರ್ಧ ಕಾಣಿಗಳಿಗೆ. ಹಣ ಪಡೆಯಲು 1997ರಲ್ಲಿ ಅವರದೇ ಟ್ರಸ್ಟ್ ರಚನೆಯಾಯಿತು. ಲಾಭ ಹಂಚಿಕೆಯ ಮಾದರಿಯೆಂದು ಜಗತ್ತು ಹೊಗಳಿತು.

ಹೊಗಳಿಕೆಗೆ ಅದು ಅರ್ಹವೇ. ಆದರೆ ಮಾಹಿತಿ ಕೊಟ್ಟವರು ಕೆಲವೇ ಜನ, ಜ್ಞಾನ ಇಡೀ ಸಮುದಾಯದ್ದು. ಔಷಧದ ತಿಳಿವಳಿಕೆಯನ್ನು ತಮ್ಮ ಕಟ್ಟಳೆಯೊಳಗೆ ಇಟ್ಟುಕೊಂಡಿದ್ದ ಪ್ಲಾತಿ ಎಂಬ ವೈದ್ಯರಲ್ಲಿ ಕೆಲವರು ಅದನ್ನು ಮಾರಿದ್ದಕ್ಕೆ ಆಕ್ಷೇಪಿಸಿದರು. ಕಾಡಿನಿಂದ ಎಲೆ ತರಲು ಅರಣ್ಯ ಇಲಾಖೆ ಒಪ್ಪಲಿಲ್ಲ. ಹಣ ಹಂಚುವ ವಿಧಾನ ಸರಿಯಾಗಿತ್ತು. ಆದರೆ ಯಾರು ಯಾವ ತಿಳಿವಳಿಕೆಯನ್ನು ಯಾರಿಗೆ ಹೇಳಬಹುದು ಎಂಬ ಅವರೊಳಗಿನ ನಿಯಮವನ್ನು ಮೊದಲೇ ವಿಚಾರಿಸಿರಲಿಲ್ಲ. ನೀವು ಗಿಡದ ಹೆಸರು ಬರೆದುಕೊಳ್ಳುವ ಮುಂಚೆ ಈ ಪ್ರಶ್ನೆ ಕೇಳಿ. ಕಾಡಿನಲ್ಲಿ ಜೊತೆಗೆ ಬರುವ ಹಿರಿಯರಿಗೆ ಕೂಲಿಯ ದರವಲ್ಲ, ತಜ್ಞರ ಸಂಭಾವನೆ ಕೊಡಿ. ಪ್ರಬಂಧದಲ್ಲಿ ಅವರ ಹೆಸರು ಬೇಕೋ ಬೇಡವೋ ಅವರೇ ಹೇಳಲಿ.

ಒಂದು ಬೆಟ್ಟದ ಪಾಠ ಇನ್ನೊಂದಕ್ಕೆ ಹಾಗೇ ಒಗ್ಗುವುದಿಲ್ಲ. ನಾಗರಹೊಳೆಯ ಜೇನುಕುರುಬರ ಹಾಡಿಗಳಲ್ಲಿ ಒಕ್ಕಲೆಬ್ಬಿಸಿದ ನೆನಪು ಎಲ್ಲ ಮಾತಿನ ಅಡಿಯಲ್ಲೂ ಇರುತ್ತದೆ. ಕರಾವಳಿಯ ಕೊರಗರ ವಿಷಯವಂತೂ ತೀರಾ ಬೇರೆ. ಸಂಸ್ಕೃತಿಗೆ ಗೌರವ ಕೊಡುತ್ತೇವೆಂದು ಅವರನ್ನು ಡೋಲು ಬಡಿಯಲು ವೇದಿಕೆಗೆ ಕರೆಯುವ ಸಂಘಟಕರಿದ್ದಾರೆ. ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ, ಕಂಬಳದಲ್ಲಿ ಕೋಣಗಳ ಮುಂದೆ ಓಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಈ ರಾಜ್ಯ 2000ದಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಡೋಲು ಕೆಲವರಿಗೆ ಹೆಮ್ಮೆ, ಕೆಲವರಿಗೆ ಆ ಗಾಯ. ಯಾವುದೆಂದು ನಾವು ಊಹಿಸುವಂತಿಲ್ಲ. ಅಂತೆಯೇ ಸೋಲಿಗರಲ್ಲೂ ಕಾಫಿ ಬೆಳೆದು ಪೇಟೆಯ ದರ ನೋಡುವವರಿದ್ದಾರೆ, ಕಾಲೇಜು ಮುಗಿಸಿ ಕೆಲಸ ಹುಡುಕುವವರಿದ್ದಾರೆ. ಹಳೆಯದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬ ಚರ್ಚೆ ಅವರೊಳಗೇ ನಡೆದಿದೆ. ಅಜ್ಜನ ಮಾತು ಮಾತ್ರ ನಿಜವಾದ ಸೋಲಿಗರ ಮಾತು, ಮೊಮ್ಮಗಳ ಮಾತು ಕಲಬೆರಕೆ ಎಂದು ನಾವು ತೀರ್ಪು ಕೊಡಬಾರದು.

ಕೆಲಸ ಮುಗಿದ ಮೇಲಿನ ಭೇಟಿಯನ್ನು ಬಜೆಟ್ಟಿನಲ್ಲೇ ಬರೆದಿಡಿ. ಕಂಡುಕೊಂಡದ್ದನ್ನು ಸರಳ ಕನ್ನಡದಲ್ಲಿ ಪೋಡಿನಲ್ಲಿ ಓದಿ ಹೇಳಿ. ತಪ್ಪೆಂದು ಅವರು ತೋರಿಸಿದ್ದನ್ನು ತಿದ್ದಿ, ತಿದ್ದಲಾಗದ ಭಿನ್ನಾಭಿಪ್ರಾಯವನ್ನು ಹಾಗೆಯೇ ದಾಖಲಿಸಿ. ಫೋಟೊ, ಧ್ವನಿಮುದ್ರಣ, ನಕ್ಷೆಗಳ ಪ್ರತಿ ಅವರ ಸಂಘದ ಕಚೇರಿಯಲ್ಲಿ ಇರಲಿ. ಪೂಜೆಯ ತಾಣಗಳ ನಿಖರ ಸ್ಥಾನ ಹೊರಗೆ ಹೋಗುವ ಪ್ರತಿಗಳಲ್ಲಿ ಇರದಿರಲಿ. ಮುಂದೆ ಯಾರಾದರೂ ಇದನ್ನು ಬಳಸಲು ಬಂದರೆ ಯಾರ ಅನುಮತಿ ಕೇಳಬೇಕೆಂದು ಪೋಡಿನವರು ಸೂಚಿಸಿದ ಹೆಸರನ್ನು ಪ್ರತಿ ಕಡತದ ಮೊದಲ ಪುಟದಲ್ಲಿ ಬರೆದು, ಆಮೇಲೆ ಕಚೇರಿಗೆ ವರದಿ ಸಲ್ಲಿಸಿ.